ನಿಂತುಹೋಗಿದ್ದ ಒಂದು ಪ್ರವಾಸ

ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ಏನಾದರೂ ಬರೆದುಕೊಡಬೇಕೆಂದು ಸಂಪಾದಕಿಯರು ಅಪ್ಪಣೆಮಾಡಿದಾಗ, ನಾನು ಬರೆಯತಕ್ಕದ್ದೇನಿದೆ ಎಂದು ಬಹಳ ದಿನ ಯೋಚಿಸಿದೆನು. ಬಹುಮಾನಗಳನ್ನು ಪಡೆದವರೂ ಪರದೇಶಗಳನ್ನು ಕಂಡು ಬಂದವರೂ ನಮ್ಮಲ್ಲಿ ಅನೇಕರಿದ್ದಾರೆ. ನಾನು ಕಂಡ ದೇಶಗಳು ಕಡಮೆ. ಆದರೆ ಹೋಗದೆ ನಿಂತುಹೋದ ಒಂದು ಪ್ರವಾಸವು ಸುಮಾರು ಐವತ್ತು ವರ್ಷಗಳಿಂದ ನನ್ನ ಮನಸ್ಸಿನಲ್ಲಿ ಉಳಿದಿದೆ. ಅದನ್ನು ಈಗ ಮತ್ತೆ ಏರ್ಪಡಿಸುತ್ತಿದ್ದೇವೆ. ಆ ಏರ್ಪಾಡಿನ ಕಥೆಯನ್ನೇ ಬರೆಯುವೆನು. ಅದರೊಳಗೆ ನನ್ನದೊಂದು ತಪ್ಪೊಪ್ಪಿಗೆಯೂ ಸೇರಿಕೊಂಡಿರುವುದರಿಂದ ವಾಚಕರು ತಾಳ್ಮೆಯಿಂದ ಓದಬೇಕೆಂದು ಬೇಡುತ್ತೇನೆ.

ಅದು 1976ನೆಯ ಇಸವಿ. ನಾವು ಒಂಬತ್ತನೆಯ ತರಗತಿಯಲ್ಲಿದ್ದೆವು. ನಮಗೆ ಭೂಗೋಳವನ್ನು ಕಲಿಸುತ್ತಿದ್ದ ಉಪಾಧ್ಯಾಯಿನಿಯವರನ್ನು ನಾವೆಲ್ಲರೂ ಟೀಚರಮ್ಮನವರೆಂದೇ ಕರೆಯುತ್ತಿದ್ದೆವು. ಭೂಗೋಳವನ್ನು ಬರಿಯ ಪುಸ್ತಕದಿಂದ ಕಲಿಸುವುದು, ಹಸಿದವರಿಗೆ ಅಡುಗೆಯ ಚಿತ್ರ ತೋರಿಸಿದ ಹಾಗೆ ಎಂಬುದು ಅವರ ಮಾತು. ಒಂದು ದಿನ ಅವರು ಕರಿಹಲಗೆಯ ನಡುವೆ ನಂದಿಬೆಟ್ಟವನ್ನೂ ಅದರ ಸುತ್ತಣ ಗಿರಿಗಳನ್ನೂ ಬರೆದರು. ಆ ಬೆಟ್ಟಗಳ ಸೀಮೆಯಿಂದ ಸೀಮೆಸುಣ್ಣದ ಗೆರೆಗಳನ್ನು ನಾಲ್ಕು ದಿಕ್ಕಿಗೂ ಎಳೆದರು. ಉತ್ತರ ಪಿನಾಕಿನಿಯು ಗೌರೀಬಿದನೂರಿನ ಮಗ್ಗುಲಲ್ಲಿ ಹಾದು ಆಂಧ್ರ ದೇಶಕ್ಕೆ ಹೋಗಿ ನೆಲ್ಲೂರಿನ ಕಡೆ ಕಡಲನ್ನು ಸೇರುತ್ತದೆ. ಚಿತ್ರಾವತಿಯೂ ಪಾಪಾಘ್ನಿಯೂ ಬೇರೆಬೇರೆಯಾಗಿ ಹೊರಟು ಕಡೆಗೆ ಆ ಪಿನಾಕಿನಿಯನ್ನೇ ಕೂಡಿಕೊಳ್ಳುತ್ತವೆ. ದಕ್ಷಿಣ ಪಿನಾಕಿನಿಯು ಹೊಸಕೋಟೆಯ ಮೇಲೆ ತಮಿಳುನಾಡಿಗೆ ಇಳಿಯುತ್ತದೆ. ಅರ್ಕಾವತಿಯು ನಂದಿಯಲ್ಲಿ ಹುಟ್ಟಿ ಕಾವೇರಿಗೆ ಸಲ್ಲುತ್ತದೆ. ಪೂರ್ವದಲ್ಲಿ ತಲಗವಾರದ ಬಳಿ ಪಾಲಾರ್ ಹುಟ್ಟುತ್ತದೆ. "ಒಂದೇ ಮಳೆಯ ಎರಡು ಹನಿಗಳು ಒಂದು ಬಂಡೆಯ ಮೇಲೆ ಮೊಳದ ಅಂತರದಲ್ಲಿ ಬಿದ್ದರೂ ಅವುಗಳ ದಾರಿ ಬೇರೆಯಾಗಬಹುದು. ಇದನ್ನು ಕಣ್ಣಿನಿಂದ ನೋಡಬೇಡವೇ?" ಎಂದು ಅವರು ಕೇಳಿದಾಗ, ನಾವು ಒಂದೇ ಕಂಠದಿಂದ "ನೋಡಬೇಕು" ಎಂದು ಕೂಗಿದೆವು. ಪಕ್ಕದ ತರಗತಿಯವರು ಬಂದು ಇಣಿಕಿ ನೋಡಿದರು.

ಪ್ರವಾಸದ ಯೋಜನೆಯು ಹೀಗೆ ಹುಟ್ಟಿತು. ಗೌರೀಬಿದನೂರು ಗುಂತಕಲ್ಲಿಗೆ ಹೋಗುವ ರೈಲುದಾರಿಯ ಮೇಲಿದೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳು ಯಲಹಂಕದಿಂದ ಕೋಲಾರದ ಮೇಲೆ ಬಂಗಾರಪೇಟೆಗೆ ಹೋಗುತ್ತಿದ್ದ ಕಿರುಹಳಿಯ ದಾರಿಯ ಮೇಲಿದ್ದುವು. ಈ ಎರಡು ದಾರಿಗಳ ನಡುವೆ ಬೆಟ್ಟಗಳಿವೆಯೇ ಹೊರತು ರೈಲಿಲ್ಲ. ಆದುದರಿಂದ ಬೆಂಗಳೂರಿನಿಂದ ರೈಲಿನಲ್ಲಿ ಗೌರೀಬಿದನೂರಿಗೆ ಹೋಗುವುದು, ಅಲ್ಲಿಂದ ಬಸ್ಸಿನಲ್ಲಿ ಬೆಟ್ಟದ ಸೀಮೆಯನ್ನು ದಾಟಿ ಚಿಕ್ಕಬಳ್ಳಾಪುರದಲ್ಲಿ ಸಭೆಯವರ ಮನೆಗಳಲ್ಲಿ ಒಂದು ರಾತ್ರಿ ತಂಗುವುದು, ಮರುದಿನ ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ಹೋಗಿ ಅಲ್ಲಿಂದ ಚಿಕ್ಕ ರೈಲಿನಲ್ಲಿ ಹಿಂದಿರುಗುವುದು, ಎಂದು ಟೀಚರಮ್ಮನವರು ಒಂದು ನೋಟ್‌ಬುಕ್ಕಿನಲ್ಲಿ ಗಂಟೆ ಗಳಿಗೆಗಳ ಸಮೇತ ಬರೆದರು. ಗೌರೀಬಿದನೂರಿನಿಂದ ಚಿಂತಾಮಣಿಗೆ ಸುಮಾರು ಐವತ್ತು ಮೈಲಿ. ನನ್ನ ಪ್ರಾಣಸ್ನೇಹಿತೆ ಗೌರೀಬಿದನೂರಿನವಳು. ನಾನು ಶಿಡ್ಲಘಟ್ಟದವಳು. "ನಿಮ್ಮೂರಿನಲ್ಲಿ ಸತ್ತ ರೇಷ್ಮೆಹುಳುವಿನ ವಾಸನೆಯಲ್ಲದೆ ಏನಿದೆಯೇ?" ಎಂದು ಅವಳು ಹಾಸ್ಯಮಾಡುವಳು. "ಆ ಹುಳು ಸತ್ತುದರಿಂದಲೇ ನಿನ್ನಕ್ಕ ಮದುವೆಯಲ್ಲಿ ಸೀರೆ ಉಟ್ಟದ್ದು" ಎಂದು ನಾನು ಹೇಳುವೆನು. ಒಂದು ತಿಂಗಳು ನಮಗೆ ಬೇರೆ ಮಾತೇ ಇರಲಿಲ್ಲ.

ತಲೆಗೆ ಹದಿನೆಂಟು ರೂಪಾಯಿ ತರಬೇಕೆಂದು ಗೊತ್ತಾಯಿತು.

ನಮ್ಮ ತಂದೆಯವರು ಗೂಡಿನಿಂದ ನೂಲು ಬಿಚ್ಚುವ ಕೆಲಸದವರು. ಮನೆಯ ಹಿಂದಣ ಸಣ್ಣ ಕೊಟ್ಟಿಗೆಯಲ್ಲಿ ಎರಡು ಚರಕಗಳಿದ್ದುವು. ಕುದಿಯುವ ನೀರಿನಲ್ಲಿ ಬೆರಳಾಡಿಸಿ ಎಳೆ ಹುಡುಕಿ ಹುಡುಕಿ ಅವರ ಕೈಯ ಚರ್ಮವು ಬೆಳ್ಳಗೆ ಸುಕ್ಕಿಹೋಗಿತ್ತು. ಹೆಣ್ಣುಮಗುವನ್ನು ಅಷ್ಟು ದೂರ ಹಾಸ್ಟೆಲಿನಲ್ಲಿರಿಸಿ ಓದಿಸುವುದೇಕೆಂದು ಬೀದಿಯವರು ಕೇಳಿದಾಗ, "ಅವಳ ಕೈ ಈ ನೀರಿಗೆ ಬೀಳಬಾರದು" ಎಂದಷ್ಟೇ ಹೇಳುತ್ತಿದ್ದರು. ಆ ತಿಂಗಳು ನೂಲಿಗೆ ಬೆಲೆ ಸಿಕ್ಕದೆ, ಹಾಸ್ಟೆಲಿನ ಹಣಕ್ಕಾಗಿ ತಾಯಿಯವರ ಹಿತ್ತಾಳೆಯ ಕೊಳಗವನ್ನು ಮಾರಿದರೆಂದು ಮನೆಯಿಂದ ಕಾಗದ ಬಂದಿತ್ತು. ಅದರ ಮೇಲೆ ಹದಿನೆಂಟು ರೂಪಾಯಿ ಕೇಳಲು ನನಗೆ ಬಾಯಿ ಬರಲಿಲ್ಲ. ನಮಗೆ ಶಕ್ತಿಯಿಲ್ಲವೆಂದು ತರಗತಿಯ ಮುಂದೆ ಹೇಳಲೂ ಬಾಯಿ ಬರಲಿಲ್ಲ. ಹಣ ತಂದವರ ಹೆಸರುಗಳನ್ನು ಓದುವಾಗ ನನ್ನ ಸರದಿ ಬಂದಿತು. ಎದ್ದು ನಿಂತು, "ನಮ್ಮ ತಂದೆಯವರು ಒಪ್ಪುವುದಿಲ್ಲ. ಹೆಣ್ಣುಮಕ್ಕಳು ಬೆಟ್ಟಗುಡ್ಡ ಅಲೆಯಬಾರದೆಂದು ಹೇಳಿದ್ದಾರೆ" ಎಂದುಬಿಟ್ಟೆನು.

ಇದು ಶುದ್ಧ ಸುಳ್ಳು. ತಂದೆಯವರಿಗೆ ಪ್ರವಾಸದ ಸುದ್ದಿಯೇ ತಿಳಿದಿರಲಿಲ್ಲ.

ಸುಳ್ಳು ಒಬ್ಬಳ ಬಾಯಿಯಲ್ಲಿ ನಿಲ್ಲುವುದಿಲ್ಲ. ಶಿಡ್ಲಘಟ್ಟದವರು ಮಗಳನ್ನು ಕಳುಹಿಸುವುದಿಲ್ಲವಂತೆ ಎಂಬ ಮಾತು ಬೇರೆ ಮನೆಗಳಿಗೂ ಮುಟ್ಟಿತು. ಅರೆಮನಸ್ಸಿನಲ್ಲಿದ್ದ ಐದಾರು ಮಂದಿ ತಾಯಿತಂದೆಗಳು ತಾವೂ ಬೇಡವೆಂದರು. ಸಂಖ್ಯೆ ಸಾಲದೆ ಹೋಯಿತು. ಪ್ರವಾಸವು ನಿಂತಿತೆಂದು ಒಂದು ಬೆಳಗ್ಗೆ ಪ್ರಾರ್ಥನೆಯ ಅನಂತರ ಟೀಚರಮ್ಮನವರೇ ತಿಳಿಸಿದರು. ಅವರ ಮುಖವನ್ನು ನಾನು ನೋಡಲಿಲ್ಲ. ನನ್ನ ಗೆಳತಿ ಅತ್ತಳು. ಅವಳನ್ನು ಸಮಾಧಾನಮಾಡಿದವಳೂ ನಾನೇ.

ಕಳೆದ ವರ್ಷ ಹಳೆಯ ವಿದ್ಯಾರ್ಥಿನಿಯರ ಕೂಟದಲ್ಲಿ ಟೀಚರಮ್ಮನವರನ್ನು ಬಹಳ ಕಾಲದ ಮೇಲೆ ಕಂಡೆವು. ಈಗ ಅವರಿಗೆ ಎಂಬತ್ತು ದಾಟಿದೆ. ಬೆಂಗಳೂರಿನಲ್ಲಿ ತಮ್ಮನ ಮಗಳ ಮನೆಯಲ್ಲಿದ್ದಾರೆ. ಮಂಡಿಗಳು ಸೋತಿವೆ, ನೆನಪು ಮಾತ್ರ ಮಾಸಿಲ್ಲ. ಊಟದ ಹೊತ್ತಿನಲ್ಲಿ ಅವರು ನನ್ನ ಗೆಳತಿಯ ಕಡೆಗೆ ತಿರುಗಿ, "ನಿಮ್ಮೂರಿನಿಂದ ಚಿಂತಾಮಣಿಯವರೆಗಿನ ದಾರಿಯನ್ನು ನಾನು ಈವರೆಗೂ ನೋಡಲಿಲ್ಲ ನೋಡು, ಮಗು" ಎಂದರು. ಗೆಳತಿಯು ಅಲ್ಲಿಯೇ ಮಾತು ಕೊಟ್ಟಳು. ತನ್ನ ಮಗನ ಕಾರೂ ಪರಿಚಯದ ಚಾಲಕನೂ ಸಿದ್ಧವೆಂದಳು. ಅಂದಿನಿಂದ ತಿಂಗಳಿಗೊಮ್ಮೆ ಮೂವರೂ ಸೇರಿ, ಮೇಜಿನ ಮೇಲೆ ನಕ್ಷೆಯನ್ನು ಹರಡಿಕೊಂಡು ಯೋಚಿಸತೊಡಗಿದೆವು.

ಐವತ್ತು ಮೈಲಿಯ ಹಾದಿಗೆ ಇಷ್ಟು ಯೋಚನೆಯೇ ಎಂದು ಕಿರಿಯರು ನಗಬಹುದು. ಈಗ ಅದು ಹೊನ್ನಾವರದಿಂದ ಚಿತ್ತೂರಿಗೆ ಹೋಗುವ 69ನೆಯ ರಾಷ್ಟ್ರೀಯ ಹೆದ್ದಾರಿಯ ಒಂದು ತುಂಡು. ಪಡುವಣ ಕಡಲಿನ ತೀರದಿಂದ ಹೊರಟ ದಾರಿಯು ನಮ್ಮ ನಾಲ್ಕು ಊರುಗಳನ್ನೂ ಹಾರದ ಮಣಿಗಳಂತೆ ಪೋಣಿಸಿಕೊಂಡು ಮೂಡಲಿಗೆ ಸಾಗುತ್ತದೆ. ಎಲ್ಲಿಯೂ ನಿಲ್ಲದೆ ಹೋದರೆ ಒಂದು ಬೆಳಗಿನಲ್ಲಿಯೇ ಮುಗಿದುಹೋಗುವ ದಾರಿ. ಆದರೆ ದಾಟುವುದು ಬೇರೆ, ನೋಡುವುದು ಬೇರೆ. ನಮಗೆ ಬೇಕಾದುದು ನೋಡುವುದು, ಅದೂ ನಡೆಯಲಾರದ ಒಬ್ಬರನ್ನು ಕರೆದುಕೊಂಡು.

ಮೊದಲನೆಯ ಚರ್ಚೆ ದಿಕ್ಕಿನದು. ಗೌರೀಬಿದನೂರಿನಿಂದ ಬೆಳಗ್ಗೆ ಹೊರಟರೆ ಸೂರ್ಯನು ದಾರಿಯುದ್ದಕ್ಕೂ ಎದುರಿಗೇ ಇರುವನು. ಟೀಚರಮ್ಮನವರ ಕಣ್ಣಿಗೆ ಆ ಬಿಸಿಲು ಆಗದು. ಹಾಗಾದರೆ ಚಿಂತಾಮಣಿಯಿಂದಲೇ ಹೊರಡೋಣವೆಂದು ನಾನು ಹೇಳಿದೆನು. ಅವರು ಒಪ್ಪಲಿಲ್ಲ. "ಆಗ ಬರೆದ ಹಾಗೆಯೇ ಹೋಗೋಣ. ತಲೆಕೆಳಗುಮಾಡಿದರೆ ಅದು ಬೇರೆ ಪ್ರವಾಸವಾದೀತು" ಎಂದರು. ಆದುದರಿಂದ ಗೌರೀಬಿದನೂರಿನಲ್ಲಿ ಗೆಳತಿಯ ತವರಿನಲ್ಲಿ ಊಟಮಾಡಿ ಮಧ್ಯಾಹ್ನ ಎರಡು ಗಂಟೆಗೆ ಹೊರಡುವುದೆಂದು ಗೊತ್ತುಮಾಡಿದೆವು. ಆಗ ಬಿಸಿಲು ಬೆನ್ನಿಗಿರುತ್ತದೆ, ಎದುರಿನ ಬೆಟ್ಟಗಳ ಮುಖದ ಮೇಲೆ ಬೆಳಕು ಬೀಳುತ್ತದೆ. ಗೌರೀಬಿದನೂರು ಸಮುದ್ರಮಟ್ಟದಿಂದ ಸುಮಾರು 700 ಮೀಟರು, ಚಿಕ್ಕಬಳ್ಳಾಪುರವು ಸುಮಾರು 900 ಮೀಟರು. ಮಂಚೇನಹಳ್ಳಿಯನ್ನು ಕಳೆದು ದಾರಿಯು ಬೆಟ್ಟಗಳ ನಡುವೆ ಮೇಲೇರುವುದನ್ನು ಇಳಿಹೊತ್ತಿನ ಬೆಳಕಿನಲ್ಲಿ ನೋಡಬೇಕು. ಮರುದಿನ ಮತ್ತೆ ಮೂಡಲಿಗೇ ಹೋಗಬೇಕಾದುದರಿಂದ ಹತ್ತು ಗಂಟೆಯವರೆಗೆ ಚಿಕ್ಕಬಳ್ಳಾಪುರವನ್ನು ಬಿಡತಕ್ಕದ್ದಲ್ಲ.

ಎರಡನೆಯದು ಕಾಲದ ಮಾತು. ಬೇಸಗೆಯಲ್ಲಿ ಆ ಬೋಳುಬಂಡೆಗಳ ಸೀಮೆ ಬಾಣಲೆಯಂತೆ ಕಾಯುತ್ತದೆ. ಹಿಂಗಾರು ಮುಗಿದು ಕೆರೆಗಳಲ್ಲಿ ನೀರೂ ಹೊಲಗಳಲ್ಲಿ ರಾಗಿಯೂ ಇರುವ ಚಳಿಗಾಲದ ಆರಂಭವೇ ಸರಿಯೆಂದು ತೋರಿತು. ಶನಿವಾರ ಭಾನುವಾರಗಳು ಕೂಡದು. ಬೆಂಗಳೂರಿನ ವಾಹನಗಳೆಲ್ಲ ಆ ದಿನಗಳಲ್ಲಿ ನಂದಿಗೆ ಮುಗಿಬೀಳುತ್ತವೆ.

ನಂದಿಯ ವಿಷಯದಲ್ಲಿ ದೊಡ್ಡ ವಾದವೇ ನಡೆಯಿತು. 4,851 ಅಡಿ ಎತ್ತರದ ಬೆಟ್ಟವನ್ನು ಬಿಟ್ಟು ಬೆಟ್ಟದ ಪ್ರವಾಸವೆಂಥದು ಎಂದು ಗೆಳತಿಯ ಪಕ್ಷ. 1791ರಲ್ಲಿ ಇಂಗ್ಲಿಷರ ಸೈನ್ಯವು ಏರಿದ ಕೋಟೆ, 1927ರಲ್ಲಿ ಮಹಾತ್ಮರು ಕಾಯಿಲೆಯಿಂದ ಚೇತರಿಸಿಕೊಂಡ ಸ್ಥಳ, ಇವನ್ನು ಬಿಡುವುದೆಂತು? ಟೀಚರಮ್ಮನವರು ಎಲ್ಲವನ್ನೂ ಕೇಳಿ, "ಬೆಟ್ಟದ ಮೇಲೆ ನಿಂತವರಿಗೆ ಬೆಟ್ಟ ಕಾಣುವುದಿಲ್ಲ. ನನಗೆ ಬೆಟ್ಟ ಕಾಣಬೇಕು" ಎಂದರು. ಅದರಂತೆ, ಚಿಕ್ಕಬಳ್ಳಾಪುರದಲ್ಲಿ ತಂಗಿದ ಮರುಬೆಳಗ್ಗೆ ಬೆಟ್ಟದ ಅಡಿಯಲ್ಲಿರುವ ನಂದಿಗ್ರಾಮಕ್ಕೆ ಹೋಗಿ, ಒಂಬತ್ತನೆಯ ಶತಮಾನದಷ್ಟು ಹಳೆಯದಾದ ಭೋಗನಂದೀಶ್ವರ ದೇವಾಲಯದ ಕಲ್ಲುಕೆಲಸವನ್ನು ನೋಡಿ, ಅಲ್ಲಿಂದಲೇ ತಲೆಯೆತ್ತಿ ಬೆಟ್ಟವನ್ನು ಕಾಣುವುದೆಂದು ತೀರ್ಮಾನವಾಯಿತು. ಸಮೀಪದ ಮುದ್ದೇನಹಳ್ಳಿಯನ್ನು ಬಿಡುವ ಮಾತೇ ಇಲ್ಲ. ಆ ಚಿಕ್ಕ ಹಳ್ಳಿಯಲ್ಲಿ ಹುಟ್ಟಿ ನಾಡಿಗೆ ಕಟ್ಟೆಗಳನ್ನು ಕಟ್ಟಿಕೊಟ್ಟ ವಿಶ್ವೇಶ್ವರಯ್ಯನವರು 1962ರಲ್ಲಿ ತೀರಿಕೊಂಡಾಗ ಅಲ್ಲಿಗೇ ಹಿಂದಿರುಗಿ ಮಣ್ಣಿನಲ್ಲಿ ಮಲಗಿದರು. ಗೌರೀಬಿದನೂರಿನ ಸಮೀಪದ ವಿದುರಾಶ್ವತ್ಥವನ್ನು ಊಟಕ್ಕೆ ಮುಂಚೆ ನೋಡುವುದು. 1938ರ ಏಪ್ರಿಲ್ 25ರಂದು ಧ್ವಜ ಹಿಡಿದು ಸೇರಿದ್ದ ಜನರ ಮೇಲೆ ಅಲ್ಲಿ ಗುಂಡು ಹಾರಿ ಅನೇಕರು ಪ್ರಾಣಬಿಟ್ಟರು. ಚಿಂತಾಮಣಿಯ ಕಡೆ, ತಾತಯ್ಯನವರ ಕೈವಾರ. ಕೈಲಾಸಗಿರಿಯ ಗುಹೆಗಳಿಗೆ ಮೆಟ್ಟಿಲಿರುವುದರಿಂದ ಅದನ್ನು ದೂರದಿಂದಲೇ ನೋಡುವುದು.

ಪುರುಷರು ಬರೆದ ಪ್ರವಾಸಕಥನಗಳಲ್ಲಿ ಕಾಣದ ಒಂದು ವಿಚಾರವನ್ನೂ ನಾವು ಬಹಳ ಹೊತ್ತು ಚರ್ಚಿಸಿದೆವು. ದಾರಿಯಲ್ಲಿ ಶೌಚಕ್ಕೆ ಎಲ್ಲಿ ನಿಲ್ಲುವುದು, ಅಲ್ಲಿ ಮಂಡಿ ಬಗ್ಗದವರಿಗೆ ಅನುಕೂಲವಿದೆಯೇ, ಬಾಗಿಲಿಗೆ ಅಗುಳಿ ಇದೆಯೇ ಎಂಬುದು. ಗೆಳತಿಯು ಮುಂಗಡವಾಗಿ ಒಮ್ಮೆ ಹೋಗಿ ಎಲ್ಲವನ್ನೂ ಕಣ್ಣಾರೆ ಕಂಡು ಬಂದು ನಕ್ಷೆಯಲ್ಲಿ ಗುರುತು ಹಾಕಿದಳು. ಹೆಣ್ಣುಮಕ್ಕಳು ಊರಿಂದೂರಿಗೆ ಹೋಗದೆ ಉಳಿಯುವುದಕ್ಕೆ ಹಿರಿಯರ ಅಪ್ಪಣೆಯಷ್ಟೇ ಇಂಥ ಅಗುಳಿಯಿಲ್ಲದ ಬಾಗಿಲುಗಳೂ ಕಾರಣವೆಂದು ಟೀಚರಮ್ಮನವರು ಹೇಳಿದರು.

ಅವಳು ತಂದ ಸುದ್ದಿಯಲ್ಲಿ ಎಲ್ಲವೂ ಸಂತೋಷದ್ದಾಗಿರಲಿಲ್ಲ. ಕೆಲವು ಗುಡ್ಡಗಳು ಅರ್ಧಕ್ಕೆ ಕೊಯ್ದ ಹಣ್ಣಿನಂತೆ ನಿಂತಿವೆಯಂತೆ. ಜಲ್ಲಿಗಾಗಿ ಬಂಡೆ ಸಿಡಿಸುವ ಉದ್ಯಮವು ಆ ಜಿಲ್ಲೆಯಲ್ಲಿ ಬಹಳ ಬೆಳೆದಿದೆ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಸಿಡಿಮದ್ದು ಸ್ಫೋಟಿಸಿ ಆರು ಮಂದಿ ಸತ್ತುದನ್ನು ನಾವೆಲ್ಲರೂ ಓದಿದ್ದೆವು. ನೀರಿನ ಸಂಗತಿ ಇನ್ನೂ ವಿಚಿತ್ರ. ಇಷ್ಟೊಂದು ನದಿಗಳ ತವರಾದ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಕೊಳವೆಬಾವಿಗಳು ಸಾವಿರ ಅಡಿಯನ್ನೂ ಮೀರಿ ಇಳಿದಿವೆ. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಬಳಸಿದ ನೀರನ್ನು ಶುದ್ಧಿಮಾಡಿ, ಯಂತ್ರದಿಂದ ಮೇಲೇರಿಸಿ ಅಲ್ಲಿಯ ಕೆರೆಗಳಿಗೆ ತುಂಬುತ್ತಿದ್ದಾರೆ. ಟೀಚರಮ್ಮನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಹಲಗೆಯ ಮೇಲೆ ಎಳೆದ ಗೆರೆಗಳಿಗೆಲ್ಲ ಬಾಣದ ಗುರುತು ಹೊರಮುಖವಾಗಿತ್ತು. ಈಗ ಒಂದನ್ನು ಒಳಮುಖವಾಗಿ ಹಾಕಬೇಕಾಯಿತು" ಎಂದರು. ಕಿರುಹಳಿಯ ರೈಲೂ ಈಗಿಲ್ಲ. 2013ರಿಂದ ಆ ದಾರಿಯಲ್ಲಿ ಓಡುತ್ತಿರುವುದು ಅಗಲಹಳಿಯ ಗಾಡಿ.

ಮೂರನೆಯ ಸಲ ಸೇರಿದಾಗ ಟೀಚರಮ್ಮನವರು ಪೆಟ್ಟಿಗೆಯಿಂದ ಹಳೆಯ ನೋಟ್‌ಬುಕ್ಕೊಂದನ್ನು ತೆಗೆಸಿದರು. 1976ರ ಯೋಜನೆ ಅದರಲ್ಲಿ ಹಾಗೆಯೇ ಇತ್ತು. ಗಂಟೆ, ಗಳಿಗೆ, ರೈಲಿನ ದರ, ಬುತ್ತಿಗೆ ಎಷ್ಟು ಸೇರು ಅಕ್ಕಿ, ಎಲ್ಲವೂ ಇದ್ದುವು. ಕೊನೆಯ ಪುಟದಲ್ಲಿ ನಮ್ಮ ಹೆಸರುಗಳು. ಹೆಸರಿನ ಮುಂದೆ "ಹಣ ಬಂದಿದೆ", "ಬರುವಳು" ಎಂಬ ಟಿಪ್ಪಣಿ. ಅವರು ಬೆರಳಿಟ್ಟು ಒಂದೊಂದಾಗಿ ಓದುತ್ತ ಬಂದು ನನ್ನ ಹೆಸರಿನ ಬಳಿ ನಿಲ್ಲಿಸಿದರು. ಅಲ್ಲಿ "ತಂದೆಯವರ ಒಪ್ಪಿಗೆ ಇಲ್ಲ" ಎಂದಿತ್ತು.

"ಆಗ ನಿನ್ನ ತಂದೆಯವರಿಗೊಂದು ಕಾಗದ ಬರೆಯಬೇಕೆಂದುಕೊಂಡಿದ್ದೆ, ಮಗು. ನಮ್ಮನ್ನು ನಂಬದವರಿಗೆ ಏನೆಂದು ಬರೆಯುವುದೆಂದು ಬಿಟ್ಟುಬಿಟ್ಟೆ" ಎಂದು ಅವರು ಮೆಲ್ಲಗೆ ಹೇಳಿದರು. "ಆಮೇಲೆ ಒಂದು ಸಲ ಅವರು ಹಾಸ್ಟೆಲಿನ ವರಾಂಡದಲ್ಲಿ ಕುಳಿತಿದ್ದರು. ನೋಡಿಯೂ ನೋಡದವಳಂತೆ ನಾನು ಹೋದೆ. ಆ ಮೇಲೆ ಯಾವ ತರಗತಿಗೂ ಪ್ರವಾಸದ ಮಾತೆತ್ತಲಿಲ್ಲ."

ಆ ದಿನ ನನಗೆ ಚೆನ್ನಾಗಿ ನೆನಪಿದೆ. ತಂದೆಯವರು ಟೀಚರಮ್ಮನವರಿಗೆಂದು ಒಂದು ಸೇರು ಕಡಲೆಕಾಯಿಯನ್ನು ವಸ್ತ್ರದಲ್ಲಿ ಕಟ್ಟಿ ತಂದಿದ್ದರು. ಕಾದು ಕಾದು, ಅದನ್ನು ಆಯಾಳ ಕೈಗೆ ಕೊಟ್ಟು, "ಅಮ್ಮನವರಿಗೆ ಕೆಲಸ ಬಹಳವಿರಬೇಕು. ಕೈಮುಗಿಯುವುದಕ್ಕೂ ಆಗಲಿಲ್ಲ" ಎಂದು ನನ್ನೊಡನೆ ಹೇಳಿ ಬಸ್ಸಿಗೆ ಹೋದರು. ಅವರು ತೀರಿಕೊಂಡು ಮೂವತ್ತು ವರ್ಷಗಳಿಗೂ ಮೇಲಾಯಿತು. ತಾವು ಹೇಳದ ಮಾತೊಂದು ತಮ್ಮ ಹೆಸರಿನಲ್ಲಿ ಆ ಪುಟದ ಮೇಲಿತ್ತೆಂಬುದು ಅವರಿಗೆ ತಿಳಿಯಲೇ ಇಲ್ಲ.

ನಾನು ಎಲ್ಲವನ್ನೂ ಹೇಳಿದೆನು. ಗೆಳತಿಯು ನನ್ನ ಮುಖವನ್ನೇ ನೋಡುತ್ತಿದ್ದಳು. ಮನೆಯವರು ತಂದಿಟ್ಟ ಕಾಫಿ ಆರಿಹೋಯಿತು. ಟೀಚರಮ್ಮನವರು ಕನ್ನಡಕವನ್ನು ತೆಗೆದು ಒರೆಸಿಕೊಂಡು, "ಹದಿನೆಂಟು ರೂಪಾಯಿ ಅಲ್ಲವೇ?" ಎಂದರು.

"ಹೌದು, ಅಮ್ಮ."

"ನೀನು ಸುಳ್ಳು ಹೇಳಬಾರದಿತ್ತು. ಆದರೆ ಹಣ ತಂದವರು ಯಾರು, ತರದವರು ಯಾರು ಎಂದು ಮೂವತ್ತು ಮಕ್ಕಳ ಮುಂದೆ ನಿಲ್ಲಿಸಿ ಕೇಳಿದವಳು ನಾನು. ಬಡತನವನ್ನು ಎದ್ದುನಿಂತು ಒಪ್ಪಿಕೊಳ್ಳೆಂದು ಹದಿನಾಲ್ಕು ವರ್ಷದ ಹುಡುಗಿಗೆ ಹೇಳಿದ ಹಾಗಾಯಿತು. ಅದು ನನಗೆ ಅಂದು ಹೊಳೆಯಲಿಲ್ಲ."

ಆಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕ್ಷಮಿಸಿದೆನೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊನೆಗೆ ಅವರು, "ನಿಮ್ಮ ಮನೆ ಇನ್ನೂ ಇದೆಯೇ?" ಎಂದು ಕೇಳಿದರು. ತಮ್ಮನು ಅಲ್ಲಿದ್ದಾನೆ, ಚರಕಗಳು ನಿಂತುಹೋಗಿವೆ, ಕೊಟ್ಟಿಗೆ ಮಾತ್ರ ಹಾಗೆಯೇ ಇದೆ ಎಂದೆನು. ನಮ್ಮ ಯೋಜನೆಯಲ್ಲಿ ಶಿಡ್ಲಘಟ್ಟಕ್ಕೆ ಹದಿನೈದು ನಿಮಿಷ ಮಾತ್ರವಿತ್ತು, ಅದೂ ಗೂಡಿನ ಮಾರುಕಟ್ಟೆಯನ್ನು ಗಾಡಿಯಿಂದಲೇ ನೋಡುವುದಕ್ಕೆ. ಟೀಚರಮ್ಮನವರು ಲೇಖನಿಯನ್ನು ತೆಗೆದುಕೊಂಡು ಆ ಹದಿನೈದು ನಿಮಿಷವನ್ನು ಹೊಡೆದುಹಾಕಿ, ನಡುಗುವ ಕೈಯಿಂದ "ಶಿಡ್ಲಘಟ್ಟ, ಒಂದು ಗಂಟೆ" ಎಂದು ಬರೆದರು. ಹಳೆಯ ಪುಟಕ್ಕೆ ತಿರುಗಿಸಿ, ನನ್ನ ಹೆಸರಿನ ಮುಂದಿದ್ದ ಟಿಪ್ಪಣಿಯ ಮೇಲೂ ಒಂದು ಗೆರೆ ಎಳೆದು, ಅದರ ಪಕ್ಕದಲ್ಲಿ "ಬರುವಳು" ಎಂದು ಬರೆದರು.

ಡಿಸೆಂಬರ್ ತಿಂಗಳ ಎರಡನೆಯ ವಾರ, ಮಂಗಳವಾರ ಬುಧವಾರಗಳೆಂದು ದಿನ ನಿಶ್ಚಯವಾಗಿದೆ. ತಮ್ಮನ ಹೆಂಡತಿ ಅಡುಗೆ ಏನು ಮಾಡಲೆಂದು ಈಗಲೇ ಫೋನು ಮಾಡಿ ಕೇಳುತ್ತಿದ್ದಾಳೆ. ಟೀಚರಮ್ಮನವರು ತಮಗೆ ಹುರಿದ ಕಡಲೆಕಾಯಿ ಸಾಕೆಂದು ಹೇಳಿ ಕಳುಹಿಸಿದ್ದಾರೆ. ಅವರ ಆರೋಗ್ಯವು ಅದುವರೆಗೆ ಚೆನ್ನಾಗಿರಲೆಂಬುದೊಂದೇ ನಮ್ಮ ಪ್ರಾರ್ಥನೆ. ಈ ವಯಸ್ಸಿನಲ್ಲಿ ನಾಳೆಗೆ ಹಾಕಿದ ಪ್ರವಾಸವು ಮತ್ತೊಮ್ಮೆ ನಿಂತುಹೋಗುವುದು ಸುಲಭ.

ಈ ಸಂಚಿಕೆಯನ್ನು ಓದುವ ತಾಯಿತಂದೆಗಳಿಗೆ ನನ್ನ ವಿನಂತಿ ಇಷ್ಟೆ: ಶಾಲೆಯಿಂದ ಪ್ರವಾಸದ ಚೀಟಿ ಬಂದಾಗ, ಹಣವಿಲ್ಲದಿದ್ದರೆ ಹಣವಿಲ್ಲವೆಂದೇ ಮಕ್ಕಳೊಡನೆ ಹೇಳಿರಿ. ಅದರಲ್ಲಿ ನಾಚಿಕೆಯಿಲ್ಲವೆಂದು ಅವರಿಗೆ ತಿಳಿಯಲಿ. ಹಳೆಯ ಸಹಪಾಠಿನಿಯರಲ್ಲಿ ಇನ್ನೊಂದು ಅರಿಕೆ. ಪ್ರವಾಸದ ಖರ್ಚನ್ನು ಕೊಡಲಾರದ ಹುಡುಗಿಯರಿಗಾಗಿ ನಾವೆಲ್ಲರೂ ಸೇರಿ ಒಂದು ಸಣ್ಣ ನಿಧಿಯನ್ನು ಕೂಡಿಡಬಾರದೇ? ಯಾರಿಗೆ ಕೊಟ್ಟರೆಂಬುದು ಮುಖ್ಯೋಪಾಧ್ಯಾಯಿನಿಯವರೊಬ್ಬರಿಗೆ ಮಾತ್ರ ತಿಳಿದಿರಲಿ. ತರಗತಿಯಲ್ಲಿ ಯಾರ ಹೆಸರನ್ನೂ ಕೂಗುವುದು ಬೇಡ. ಮೊದಲನೆಯ ಕಾಣಿಕೆಯಾಗಿ ನನ್ನ ಪಾಲನ್ನು ತಂದೆಯವರ ಹೆಸರಿನಲ್ಲಿ ಈಗಾಗಲೇ ಶಾಲೆಯ ಕಚೇರಿಗೆ ಒಪ್ಪಿಸಿದ್ದೇನೆ. ನಿಧಿಯು ಬೆಳೆದು, ಮುಂದಿನ ವರ್ಷ ಒಂಬತ್ತನೆಯ ತರಗತಿಯ ಮಕ್ಕಳೆಲ್ಲರೂ, ಒಬ್ಬಳೂ ಹಿಂದುಳಿಯದೆ, ಗೌರೀಬಿದನೂರಿನಿಂದ ಚಿಂತಾಮಣಿಗೆ ಆ ಬೆಟ್ಟಗಳನ್ನು ದಾಟಲಿ ಎಂದು ಹಾರೈಸುತ್ತೇನೆ.